ತ್ರೀ ಮಂತ್ ಅಂದ್ರ ಎಷ್ಟು ಆಯಿ?

ಅಮೇರಿಕಾದಿಂದ ತಿರುಗಿ ಬಂದ ಮ್ಯಾಲ ಮನಿಗೆ ಬಂದೋರೆಲ್ಲಾ ಕೇಳಿದ್ದು ಒಂದೇ ಮಾತು, "ಅಲ್ಲಿ ಹೆಂಗದ ವೈನಿ? ಥಂಡಿ ಭಾಳೇನು? ರೊಟ್ಟಿ ಸಿಗ್ತಾವೇನು?" ಅಂತ. ಆ ಮೂರು ತಿಂಗಳ ಸುದ್ದಿ ಹೇಳಿ ಹೇಳಿ ನನಗೇ ಬ್ಯಾಸರ ಆಗ್ಯದ. ಆದ್ರ ತಿಂಥಣಿ ಬಿಟ್ಟು ಅಲ್ಲಿ ಹೋಗಿ ಮುಟ್ಟೋತನಕ ಹಿಡಿದ ಒಂದೂವರೆ ದಿನದ ಸುದ್ದಿ ಯಾರೂ ಕೇಳಿಲ್ಲ, ನಾನಾಗಿ ಹೇಳೂ ಇಲ್ಲ. ಇವತ್ತು ಅದನ್ನ ಬರೀತೀನಿ. ಸಣ್ಣ ಮಕ್ಕಳನ್ನ ಕಟ್ಟಿಕೊಂಡು ಹೋಗೋರಿಗೆ ಅಷ್ಟಿಷ್ಟು ಉಪಯೋಗ ಆದೀತು. ಉಳಿದದ್ದು ನನ್ನ ಹೊಟ್ಟ್ಯಾಗಿನ ಮಾತು.

ನಮ್ಮ ಅಳಿಯ ಕಂಪ್ಯೂಟರ್ ಕೆಲಸದ ಮ್ಯಾಲ 2021ರ ಡಿಸೆಂಬರ್‌ದಾಗ ಟೆಕ್ಸಾಸ್‌ನ ಡಲ್ಲಾಸ್‌ಗೆ ಹೋದ. ಆಗ ಮಗಳಿಗೆ ನಾಲ್ಕು ತಿಂಗಳು, ದೊಡ್ಡ ಕೂಸು ಚಿನ್ನಿಗೆ ಮೂರು ವರ್ಷ. ಬೆಂಗಳೂರಿನ ಬಾಡಿಗಿ ಮನಿ ಖಾಲಿ ಮಾಡಿ ತಿಂಥಣಿಗೆ ಬಂದ್ಲು. ಆರು ತಿಂಗಳು ಅಂದಿದ್ದು ಎರಡು ವರ್ಷ ಆಯ್ತು. ಕರೋನಾ ಆದ ಮ್ಯಾಲ ವೀಸಾದ ತಾರೀಖು ಸಿಗೋದೇ ಕಷ್ಟ ಆಗಿತ್ತು. ನಡುವ ಅಳಿಯ ಒಮ್ಮೆ ಬಂದು ಹದಿನೈದು ದಿನ ಇದ್ದು ಹೋದ, ಅಷ್ಟೇ. ಸಣ್ಣಾವ ಹುಟ್ಟಿದ ಮ್ಯಾಲ ಅಂವ ಅವ್ವನ ಮಗ್ಗಲಕ್ಕ, ಚಿನ್ನಿ ನನ್ನ ಮಗ್ಗಲಕ್ಕ. ಆಕಿಗೆ ಜಳಕ, ಊಟ, ಜಡಿ, ಸುರಪುರದ ಸಾಲಿ ವ್ಯಾನಿಗೆ ಹತ್ತಿಸೋದು, ಸಂಜಿಮುಂದ ಮೌನಪ್ಪಯ್ಯನ ಗುಡಿಗೆ ಕರಕೊಂಡು ಹೋಗಿ ಹೊಳಿ ತೋರ್ಸೋದು, ಎಲ್ಲಾ ನಂದೇ. ಫೋನಿನ್ಯಾಗ ಅವರಪ್ಪ ಮಾತಾಡಿದ್ರ ನನ್ನ ಸೆರಗಿನ್ಯಾಗ ಮುಖ ಮುಚ್ಚಿಕೊಳ್ತಿದ್ಲು.

2023ರ ಚಳಿಗಾಲಕ್ಕ ವೀಸಾ ಆಯ್ತು. ಎರಡು ಮಕ್ಕಳನ್ನ ಮಗಳು ಒಬ್ಬಾಕಿನೇ ಒಯ್ಯೋದು ಆಗೋ ಮಾತಲ್ಲ ಅಂತ ನನಗೂ ಟೂರಿಸ್ಟ್ ವೀಸಾ ಮಾಡಿಸಿದ್ರು. ಯಜಮಾನರು ಎಮ್ಮಿ, ಮೆಣಸಿನಕಾಯಿ ನೋಡಿಕೊಂಡು ಇಲ್ಲೇ ಉಳಿದ್ರು. ಚಿನ್ನಿ ಮಾತ್ರ, "ಆಯಿ ಬರಲಿಲ್ಲಂದ್ರ ನಾನೂ ಒಲ್ಲೆ" ಅಂತ ಹಟ ಹಿಡಿದಿದ್ಲು. "ನಾನೂ ಬರ್ತೀನಿ ಮಗಾ" ಅಂದೆ. "ಅಲ್ಲೇ ಇರ್ತಿ?" ಅಂದ್ಲು. "ಹೂಂ, ಅಲ್ಲೇ ಇರ್ತೀನಿ" ಅಂದೆ. ಮಗಳು ನನ್ನ ಮುಖ ನೋಡಿದ್ಲು, ನಾ ಆ ಕಡಿ ಹೊಳ್ಳಿದೆ. ಮೂರು ತಿಂಗಳಿಗೆ ನನ್ನ ತಿರುಗಿ ಬರೋ ಟಿಕೀಟು ಅಷ್ಟೊತ್ತಿಗೆ ಆಗಿಹೋಗಿತ್ತು.

ಕಾಗದ ಪತ್ರದ ಕಥಿ ಬೇಕಾದಷ್ಟದ, ಒಂದೇ ಹೇಳ್ತೀನಿ. ಅಮೇರಿಕಾದ ವೀಸಾಕ್ಕ ಎರಡಿಂಚು ಅಗಲ, ಎರಡಿಂಚು ಉದ್ದದ ಫೋಟೋ ಬೇಕು. ಹಿಂದ ಬಿಳಿ ಬಣ್ಣ, ಕಣ್ಣು ತೆರೆದಿರಬೇಕು. ಕೂಸಿನ್ನ ಬಿಳಿ ದುಪ್ಪಟಿ ಮ್ಯಾಲ ಮಲಗಿಸಿ ತೆಗೆಸಿದ್ವಿ. ಕಾಡಿಗಿ, ಗಲ್ಲದ ಮ್ಯಾಲಿನ ದೃಷ್ಟಿಬೊಟ್ಟು ಒರೆಸ್ರಿ ಅಂದ ಫೋಟೋದಾಂವ. ಒರೆಸಿದೆ, ತೆಗೆಸಿದ ಮ್ಯಾಲ ಅಂಗಡಿ ಪಾವಟಿಗಿ ಮ್ಯಾಲೇ ಕುಂತು ಮತ್ತ ಹಚ್ಚಿದೆ.

ಒಬ್ಬರಿಗೆ 23 ಕಿಲೋದ್ದು ಎರಡು ಬ್ಯಾಗು. ಕಿರಾಣಿ ಅಂಗಡಿಯ ಜ್ವಾಳ ತೂಗೋ ತಕ್ಕಡಿಗೆ ಬ್ಯಾಗು ಇಟ್ಟು ತೂಗಿದ್ವಿ, ಓಣಿ ಮಂದಿಯೆಲ್ಲಾ ನಿಂತು ನೋಡಿತು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಖಾರಬ್ಯಾಳಿ ಮಸಾಲಿ ಹಾಕಿದೆ. ಹೋಗೋರು ನೆನಪಿಟ್ಕೋರಿ, ಹಸಿ ಕರಿಬೇವು ಒಯ್ಯಬ್ಯಾಡ್ರಿ, ಅಕ್ಕಿ ಮತ್ತ ಕಡ್ಲಿಕಾಳು ಸುದ್ದಾ ನಮ್ಮ ದೇಶದಿಂದ ಬ್ಯಾಗಿನ್ಯಾಗ ಬಿಡೂದಿಲ್ಲ. ಏನೇನು ತಿನ್ನೋದು ತಂದೀವಿ ಅಂತ ಅಲ್ಲಿ ಇಳಿದ ಮ್ಯಾಲ ಬಾಯಿಬಿಟ್ಟು ಹೇಳಬೇಕು. ಮುಚ್ಚಿಟ್ರ ದಂಡ.

2024ರ ಸಂಕ್ರಮಣ ಮುಗಿಸಿ ಐದನೇ ದಿನಕ್ಕ ಹೊಂಟ್ವಿ. ಸಂಜಿ ಆರಕ್ಕ ಮೌನಪ್ಪಯ್ಯಗ ಕಾಯಿ ಒಡೆಸಿ ಕಾರು ಹತ್ತಿದ್ವಿ. ಸುರಪುರ ಬಸ್‌ಸ್ಟ್ಯಾಂಡ್ ಹತ್ರ ಡ್ರೈವರ್ ಚಾ ಕುಡೀಲಾಕ ನಿಲ್ಲಿಸಿದ. ಅಲ್ಲಿ ಗುಳೆ ಹೊಂಟ ಮಂದಿ ಕುಂತಿತ್ತು. ಆ ವರ್ಷ ಬರ ಅಲ್ಲೇನ್ರಿ, ರಾಜ್ಯದ 236 ತಾಲೂಕಿನ್ಯಾಗ 223ಕ್ಕ ಬರ ಬಿದ್ದದ ಅಂತ ಸರ್ಕಾರವೇ ಸಾರಿತ್ತು. ಬೆಂಗಳೂರು, ಪುಣೆ ಕಡಿ ಕಟ್ಟಡದ ಕೆಲಸಕ್ಕ ಹೋಗೋರು. ಗಂಟು, ಕೊಡ, ಬುಟ್ಟಿ, ಹಿಟ್ಟಿನ ಚೀಲ. ನನ್ನ ಮಗಳ ವಾರಗಿ ಒಬ್ಬಾಕಿ, ಮಡಿಲಾಗ ಕೂಸು, ಪಕ್ಕದಾಗ ನಮ್ಮ ಚಿನ್ನಿಯಷ್ಟು ಹುಡುಗ ಗಂಟಿನ ಮ್ಯಾಲ ಮಲಗಿತ್ತು. ನಮ್ಮ ಕಾರಿನ ಮ್ಯಾಲೂ ಬ್ಯಾಗು ಕಟ್ಟಿದ್ದು ನೋಡಿ ಆಕಿ, "ನೀವೂ ಹೊಂಟೀರೇನ್ರಿ ಅಕ್ಕೋರೆ? ಯಾವ ಊರಿಗೆ?" ಅಂದ್ಲು. "ದೂರ ಅದವ್ವ" ಅಂದೆ. ಊರ ಹೆಸರು ಹೇಳ್ಲಾಕ ಬಾಯಿ ಬರಲಿಲ್ಲ. ನಮ್ಮದಕ್ಕ ಫಾರಿನ್ ಅಂತೀವಿ, ಅವರದಕ್ಕ ಗುಳೆ ಅಂತೀವಿ. ನಮ್ಮ ಊರ ಓಣ್ಯಾಗ ಆಗ ಗುಳೆ ಹೋದೋರ ಮಕ್ಕಳನ್ನ ಇಟ್ಟುಕೊಂಡ ಮುದುಕ್ಯಾರು ಎಷ್ಟು ಮಂದಿ ಇದ್ರು ನಿಮಗೇ ಗೊತ್ತದ. ನಾನೂ ಎರಡು ವರ್ಷ ಅವರ ಸಾಲಿನ್ಯಾಗೇ ಇದ್ದೆ, ಹಂಗ ಅನ್ಕೊಂಡಿರಲಿಲ್ಲ ಅಷ್ಟೇ.

ಯಾದಗಿರಿ, ಮಹಬೂಬನಗರ ದಾಟಿ ನಡುರಾತ್ರಿ ಶಂಷಾಬಾದ್ ವಿಮಾನ ನಿಲ್ದಾಣ ಮುಟ್ಟಿದ್ವಿ. ಹೈದರಾಬಾದಿಂದ ದೋಹಾಕ್ಕ ನಾಲ್ಕೂವರೆ ತಾಸು, ಅಲ್ಲಿಂದ ಡಲ್ಲಾಸ್‌ಗೆ ಹದಿನಾರು ತಾಸು. ವಿಮಾನ ಏರಾಗ, ಇಳಿಯಾಗ ಕೂಸಿನ ಕಿವಿ ನೋಯ್ತಾವ. ಆಗ ಮೊಲಿ ಕೊಡ್ರಿ, ಇಲ್ಲಾ ಬಾಟ್ಲಿ ಕೊಡ್ರಿ, ನುಂಗಿದಂಗ ನುಂಗಿದಂಗ ಕಿವಿ ಬಿಡ್ತಾವ. ದೊಡ್ಡಾಕಿಗೆ ಪೆಪ್ಪರಮಿಂಟ್ ಕೊಟ್ಟಿದ್ದೆ. ನೀರು ಎಣ್ಣಿ ಅಂಥಾವು 100 ಮಿಲಿಗಿಂತ ಜಾಸ್ತಿ ಕೈಚೀಲದಾಗ ಬಿಡೂದಿಲ್ಲ, ಕೂಸಿನ ಹಾಲಿಗೆ ಬಿಡ್ತಾರ.

ದೋಹಾದಾಗ ನನ್ನ ಜೀವ ಹೋಗಿ ಬಂತು. ಮೂರು ತಾಸು ಕಾಯೋದಿತ್ತು. ಮಗಳು ಕೂಸಿನ ಬಟ್ಟಿ ಬದಲು ಮಾಡ್ಲಾಕ ಹೋದ್ಲು, ನಾನು ಬ್ಯಾಗು ಕಾಯ್ಕೋಂತ ಕುಂತೆ. ರಾತ್ರಿಯಿಡೀ ನಿದ್ದಿಲ್ಲ, ಒಂದು ಕ್ಷಣ ಕಣ್ಣು ಮುಚ್ಚಿರಬೇಕು. ತೆರೆದು ನೋಡಿದ್ರ ಚಿನ್ನಿ ಇಲ್ಲ! ಬ್ಯಾಗು ಅಲ್ಲೇ ಬಿಟ್ಟು ಓಡಿದೆ. "ಚಿನ್ನೀ" ಅಂತ ನಮ್ಮ ಹೊಲದಾಗ ಕರೆದಂಗ ಕರೆದೆ. ಆ ಜಗಮಗ ಅನ್ನೋ ಬೆಳಕಿನ್ಯಾಗ, ನುಣ್ಣನೆ ನೆಲದ ಮ್ಯಾಲ, ಮಂದಿಯೆಲ್ಲಾ ನಿಂತು ನನ್ನ ನೋಡ್ತು. ಆ ನಿಲ್ದಾಣದ ನಡುವ ಹಳದಿ ಬಣ್ಣದ ಒಂದು ದೊಡ್ಡ ಕರಡಿ ಗೊಂಬಿ ಕುಂದ್ರಿಸ್ಯಾರ, ಏಳು ಮೀಟರ್ ಎತ್ತರ, ತಲಿಗೆ ದೀಪ ಚುಚ್ಚಿದಂಗ ಮಾಡ್ಯಾರ. ಅದರ ಕಾಲ ಬುಡಕ್ಕ ಈಕಿ ನಿಂತಾಳ. "ಆಯಿ, ಇದರ ತಲಿಗೆ ಲೈಟ್ ಯಾಕ ಹಚ್ಯಾರ? ಉರೀತದೇನು ಅದಕ್ಕ?" ಅಂತ ಕೇಳ್ತಾಳ! ಒಂದು ಏಟು ಹಾಕಿದೆ, ಆಮ್ಯಾಲ ಅಪ್ಪಿಕೊಂಡು ಅತ್ತೆ. ಮಗಳಿಗೆ ಹೇಳಲಿಲ್ಲ. ಇದನ್ನ ಓದಿದ್ರ ಈಗ ಗೊತ್ತಾಗ್ತದ, ಬೈದ್ರ ಬೈಲಿ.

ಮುಂದಿನ ಹದಿನಾರು ತಾಸಿನ್ಯಾಗ ಹೇಳೋದು ಏನದ. ಕೂಸಿಗೆ ಗ್ವಾಡಿಗೆ ಸಿಗಿಸೋ ತೊಟ್ಟಿಲು ಕೊಡ್ತಾರಂತ ಮೊದಲೇ ಕೇಳಿಟ್ಟಿದ್ವಿ. ನಮ್ಮಾವಗ ಇಪ್ಪತ್ತು ತಿಂಗಳು, ಕಾಲು ಹೊರಗೇ ಉಳಿದ್ವು. ತೊಟ್ಟಿಲಿಗೆ ತೂಕದ ಲೆಕ್ಕ ಬ್ಯಾರೆ ಇರ್ತದ, ಮೊದಲೇ ಕೇಳ್ಕೋರಿ. ಕಡೀಗೆ ಸರತಿ ಮ್ಯಾಲ ತೊಡಿ ಮ್ಯಾಲೇ ಮಲಗಿಸಿಕೊಂಡ್ವಿ. ಅಂವ ಮಗಳ ಮೈಮ್ಯಾಲ ಎರಡು ಸರ್ತಿ ವಾಂತಿ ಮಾಡ್ದ. ಕೂಸಿಗೆ ಎಲ್ಲಾರೂ ಜೋಡು ಬಟ್ಟಿ ಇಟ್ಟಿರ್ತಾರ, ನಿಮಗೂ ಒಂದು ಜೋಡಿ ಇಟ್ಕೋರಿ. ಚಿನ್ನಿ ಮಾತ್ರ ನನ್ನ ಕೈಗೆ ತಲಿ ಹಚ್ಚಿ ಚಲೋ ನಿದ್ದಿ ಹೊಡೆದ್ಲು. ನಾನು ಎಚ್ಚರ ಇದ್ದೆ. ಮುಂದಿದ್ದ ಟಿವಿಯಾಗ ವಿಮಾನದ ಸಣ್ಣ ಚಿತ್ರ ನಕಾಶಿ ಮ್ಯಾಲ ಇರುವಿಯಂಗ ಹರೀತಿತ್ತು. ಎಷ್ಟು ನೋಡಿದ್ರೂ ಅಲ್ಲೇ ಇದ್ದಂಗ ಅನಿಸ್ತಿತ್ತು. ಇದು ಹಿಂಗೇ ಇರಲಿ, ಮುಟ್ಟೋದೇ ಬ್ಯಾಡ ಅಂತ ಒಂದು ಸರ್ತಿ ಅನಿಸಿದ್ದು ಖರೆ.

ಮುಟ್ಟಿದ್ವಿ. ಗಡಿಯಾರದಾಗ ನೋಡಿದ್ರ ಅಲ್ಲಿ ಇನ್ನೂ ಅದೇ ದಿನ ಮಧ್ಯಾಹ್ನ. ನಮಗೂ ಅವರಿಗೂ ಹನ್ನೊಂದೂವರೆ ತಾಸಿನ ಫರಕು. ಉದ್ದನೆ ಸಾಲಿನ್ಯಾಗ ನಿಂತು ಆಫೀಸರ್ ಮುಂದ ಹೋದ್ವಿ. ಮಗಳ ಕಾಗದ ನೋಡ್ದ, ಮಕ್ಕಳಿಗೆ ನಕ್ಕ. ಆಮ್ಯಾಲ ನನ್ನ ಬೆರಳಚ್ಚು, ಫೋಟೋ ತೊಗೊಂಡು, "ಹೌ ಲಾಂಗ್?" ಅಂದ. ಇದನ್ನ ಮಗಳು ನನಗ ತಿಂಗಳಾನುಗಟ್ಲೆ ಬಾಯಿಪಾಠ ಮಾಡಿಸಿದ್ಲು. ಸಾಲಿ ಹುಡುಗ್ಯಾರಂಗ ನೆಟ್ಟಗ ನಿಂತು, "ತ್ರೀ ಮಂತ್ಸ್ ಸರ್" ಅಂದೆ. ಟಪ್ ಅಂತ ಮುದ್ರಿ ಒತ್ತಿದ.

ಚಿನ್ನಿ ನನ್ನ ಸೆರಗು ಹಿಡಿದು ನಿಂತಿದ್ಲು. ಸುರಪುರದ ಸಾಲ್ಯಾಗ ಒನ್ ಟೂ ತ್ರೀ ಕಲಿಸಿದ್ದು ನನಗ ನೆನಪೇ ಆಗಲಿಲ್ಲ ನೋಡ್ರಿ.

"ತ್ರೀ ಮಂತ್ ಅಂದ್ರ ಎಷ್ಟು ಆಯಿ?"

ನಾ ಸುಮ್ಮನಾದೆ. ಮಗಳೇ, "ಮೂರು ತಿಂಗಳು" ಅಂದ್ಲು. "ಆಮ್ಯಾಲ?" ಅಂದ್ಲು ಚಿನ್ನಿ. "ಆಮ್ಯಾಲ ಆಯಿ ಊರಿಗೆ ಹೋಗ್ತಾಳ. ಅಲ್ಲಿ ಮುತ್ಯಾ ಒಬ್ರೇ ಅದಾರಲ್ಲ."

ಅತ್ತಿದ್ರ ಸಮಾಧಾನ ಮಾಡ್ತಿದ್ದೆ. ಅಳಲಿಲ್ಲ. ಸೆರಗು ಬಿಟ್ಲು. ಬ್ಯಾಗಿನ ಗಾಡಿ ಹಿಡಕೊಂಡು ಮುಂದ ಮುಂದ ನಡೆದ್ಲು. ಹೊರಗ ಅಳಿಯ ಕೈಯಾಗ ಥಂಡಿ ಕೋಟು ಹಿಡಕೊಂಡು ನಿಂತಿದ್ದ. ಫೋನಿನ್ಯಾಗ ಮುಖ ತೋರಿಸ್ಲಾಕ ಒಲ್ಲೆ ಅಂತಿದ್ದಾಕಿ, ಸೀದಾ ಹೋಗಿ ಅವರಪ್ಪನ ಬೆರಳು ಹಿಡಿದ್ಲು. ಅಂವಗ ಸಂತೋಷ ತಡಿಯಲಿಲ್ಲ, ಅಲ್ಲೇ ಕುಂತು ಅತ್ತುಬಿಟ್ಟ. ನನಗೂ ಆಗಬೇಕಾದ್ದು ಅದೇ ಅಲ್ಲೇನು? ಅದಕ್ಕೇ ಅಷ್ಟು ದೂರ ಹೋಗಿದ್ದು. ಆ ರಾತ್ರಿ ಆಕಿ ಅಪ್ಪನ ಮಗ್ಗಲಕ್ಕ ಮಲಗಿದ್ಲು. ನಾನು ಬ್ಯಾರೆ ಕೋಣ್ಯಾಗ ಮೆತ್ತನೆ ಗಾದಿ ಮ್ಯಾಲ ಕಣ್ಣು ತೆರಕೊಂಡೇ ಬಿದ್ದಿದ್ದೆ. ಹೊತ್ತಿನ ಫರಕಿಗೆ ನಿದ್ದಿ ಬರೂದಿಲ್ಲ ಅಂದ್ರು.

ಊರಿಂದ ಒಯ್ದ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಅಡಗಿಮನ್ಯಾಗ ತೂಗುಹಾಕಿದ್ವಿ. ವಾರ ಆದ ಮ್ಯಾಲ ಚಿನ್ನಿ ಬಂದು, "ನೀ ಹೋಗೋ ದಿನ ತೋರ್ಸು" ಅಂದ್ಲು. ಏಪ್ರಿಲ್ 20 ತೋರಿಸಿದೆ. ಅವತ್ತಿಂದ ದಿನಾ ಕೆಂಪು ಪೆನ್ನಿಲೆ ಒಂದೊಂದು ಮನಿ ಹೊಡಿಯೋಳು. ಏಪ್ರಿಲ್ 8ಕ್ಕ, ಯುಗಾದಿ ಹಿಂದಿನ ಅಮಾಸಿ, ಡಲ್ಲಾಸ್‌ದಾಗ ಖಗ್ರಾಸ ಸೂರ್ಯಗ್ರಹಣ ಆಯ್ತು. ನಡು ಮಧ್ಯಾಹ್ನ ಸುಮಾರು ನಾಲ್ಕು ನಿಮಿಷ ಕತ್ತಲು. ನಾನು ಬಾಗಿಲು ಹಾಕಿ ಒಳಗಿರ್ರಿ ಅಂದ್ರ ಯಾರು ಕೇಳ್ತಾರ, ಕಪ್ಪು ಕಾಗದದ ಚಸ್ಮಾ ಹಾಕ್ಕೊಂಡು ಓಣಿಗೆ ಓಣಿನೇ ಹೊರಗಿತ್ತು. ಕತ್ತಲಾದಾಗ ಚಿನ್ನಿ ಓಡಿ ಬಂದು ನನ್ನ ಸೆರಗಿನ್ಯಾಗ ಹೊಕ್ಕಳು, ಎರಡೂವರೆ ತಿಂಗಳ ಮ್ಯಾಲ. "ಇನ್ನ ಹನ್ನೆರಡು ದಿನ ಉಳಿದಾವ ಆಯಿ" ಅಂದ್ಲು. ಸುಳ್ಳು ಹೇಳಿದ್ದು ತಪ್ಪಾಯ್ತು ಮಗಾ ಅಂತ ಅವತ್ತು ಹೇಳಿದೆ. "ಹೂಂ" ಅಂದ್ಲು.

ತಿರುಗಿ ಬರಾಗ ಒಬ್ಬಾಕಿನೇ ಬಂದೆ, ಗಾಲಿಕುರ್ಚಿ ಬರೆಸಿದ್ರು. ಕಾಲು ಗಟ್ಟಿ ಇದ್ರೂ ಕುಂದ್ರೋದು ನಾಚಿಕಿ, ಆದ್ರ ಭಾಷಾ ಬರದೋರಿಗೆ ಅದೇ ಚಲೋ. ದೋಹಾದಾಗ ಆ ಕರಡಿ ಮುಂದಿಂದೇ ತಳ್ಳಿಕೊಂಡು ಹೋದ್ರು.

ಜೂನ್‌ದಾಗ ಮಳಿ ಹಿಡೀತು, ಗುಳೆ ಹೋದೋರು ಬಿತ್ತಲಾಕ ತಿರುಗಿ ಬಂದ್ರು. ಆಜೂಬಾಜು ಮನಿ ಮುದುಕಿ ಹತ್ರ ಇದ್ದ ಹುಡುಗ ಅವ್ವನ ಗುರ್ತು ಹಿಡೀಲಾರದೇ ಮುದುಕಿ ಹಿಂದ ನಿಂತಿದ್ದ. ನೋಡಿ ಒಳಗ ಬಂದೆ.

ನಮ್ಮ ಮುಂಜಾನಿ ಎಂಟಕ್ಕ ಅವರಿಗೆ ಹಿಂದಿನ ದಿನದ ರಾತ್ರಿ. ಆ ಹೊತ್ತಿಗೆ ಫೋನ್ ಮಾಡ್ತಾರ. ಜುಲೈದಾಗ ನಾರಾಯಣಪುರ ಡ್ಯಾಮಿಂದ ನೀರು ಬಿಟ್ಟಾಗ "ಹೊಳಿ ಬಂದದೇನು? ತೋರ್ಸು" ಅಂದ್ಲು. ಫೋನ್ ಹಿಡಕೊಂಡು ಗುಡಿ ತನಕ ಹೋದೆ. ಕೆಂಪನ್ನ ನೀರು ತುಂಬಿ ಹರೀತಿತ್ತು. ಚಂದ ಕಾಣ್ಲಿ ಅಂತ ಎರಡು ಹೆಜ್ಜಿ ಮುಂದ ಇಟ್ಟೆ.

"ಆಯಿ, ದಂಡಿಗೆ ಹೋಗಬ್ಯಾಡ, ಹಿಂದ ಸರಿ" ಅಂದ್ಲು.