ಅಗಲಿದ ಬಸವನಿಗೆ ನೀಲಾಂಬಿಕೆಯ ನುಡಿ

ಶರಣಸಂಪ್ರದಾಯದಲ್ಲಿ ದೇಹ ಬಿಟ್ಟವರನ್ನು ಸತ್ತವರೆನ್ನುವುದಿಲ್ಲ, ಲಿಂಗೈಕ್ಯರೆನ್ನುತ್ತಾರೆ. ಕಾಯವನ್ನು ಕುಳ್ಳಿರಿಸಿ, ಕರದಲ್ಲಿ ಇಷ್ಟಲಿಂಗವನ್ನಿರಿಸಿ, ವಿಭೂತಿ ಪತ್ರೆಗಳೊಡನೆ ಸಮಾಧಿಗೊಪ್ಪಿಸುತ್ತಾರೆ. ಪಿಂಡ ತರ್ಪಣಗಳನ್ನು ಶರಣರು ಒಪ್ಪಲಿಲ್ಲ. ಹೋದವರಿಗೆ ಮುಟ್ಟಿಸಬೇಕಾದ ಅನ್ನವಿಲ್ಲ, ನೀರಿಲ್ಲ. ಹಾಗಾದರೆ ಉಳಿದವರ ಎದೆಯಲ್ಲಿ ನಿಂತುಹೋದ ಮಾತನ್ನು ಯಾರಿಗೆ ಒಪ್ಪಿಸಬೇಕು?

ಈ ಪ್ರಶ್ನೆಯೊಡನೆ ನೀಲಾಂಬಿಕೆ ತಾಯಿಯ ವಚನಗಳನ್ನು ಓದಬೇಕು. 'ಸಂಗಯ್ಯ' ಎಂಬ ಅಂಕಿತದಲ್ಲಿ ದೊರೆತಿರುವ ಆಕೆಯ ನೂರಕ್ಕೂ ಮಿಕ್ಕ ವಚನಗಳಲ್ಲಿ ಬಸವಣ್ಣನ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ. ಬಸವಣ್ಣನು ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮದಲ್ಲಿ ಐಕ್ಯನಾದನು. ತಾಯಿಯು ಅದೇ ಕೃಷ್ಣೆಯ ದಡದ ತಂಗಡಗಿಯಲ್ಲಿ ಐಕ್ಯಳಾದಳೆಂಬುದು ಭಕ್ತರ ನಂಬಿಕೆ. ಬಸವನಿಲ್ಲದೆ ಭಕ್ತಿಗೆ ಆಸರೆಯೇ ಇಲ್ಲದಾಯಿತೆಂದು ಒಂದೆಡೆ ಆಕೆ ಮರುಗುತ್ತಾಳೆ. ಇನ್ನೊಂದೆಡೆ ತನ್ನನ್ನು ಆತನ ಮಡದಿಯೆನ್ನಲಾಗದು, ಆತನನ್ನು ತನ್ನ ಪುರುಷನೆನ್ನಲಾಗದು ಎನ್ನುವ ನಿಲುವಿಗೇರುತ್ತಾಳೆ. ಈ ಎರಡನೆಯದನ್ನೇ ಎತ್ತಿಹಿಡಿದು, ಮರುಗಿದ ಮಾತುಗಳನ್ನು ಕೆಳಗಿನ ಮೆಟ್ಟಿಲೆಂದು ದಾಟಿಬಿಡುವ ವ್ಯಾಖ್ಯಾನಗಳಿವೆ. ಅದು ಅನ್ಯಾಯ. ಅದ್ವಯವನ್ನು ನುಡಿದ ಬಾಯಿ, ಅತ್ತ ಬಾಯಿ ಎರಡೂ ಒಂದೇ.

ಪತಿಯನ್ನು ಕಳೆದುಕೊಂಡ ನಿವೃತ್ತ ಶಿಕ್ಷಕಿಯೊಬ್ಬರು ನಿತ್ಯ ಲಿಂಗಪೂಜೆಯಾದ ಬಳಿಕ ನೋಟುಪುಸ್ತಕದಲ್ಲಿ ಅವರಿಗೆ ನಾಲ್ಕು ಸಾಲು ಬರೆಯುತ್ತಿದ್ದರು. ಮೈದುನನಿಗೆ ಇದು ಮೋಹವೆನಿಸಿತು.

"ವೈನಿ, ಲಿಂಗದಾಗ ಬೆರೆತವ್ರಿಗೆ ಕಾಗದ ಬರೀತಾರೇನ್ರಿ?"

"ಬೆರೆತಾರಂತನ ಬರಿಯೂದಪಾ. ದೂರ ಹೋಗಿದ್ರ ವಿಳಾಸ ಬೇಕಾಗತಿತ್ತು."

ಮೈದುನ ಮತ್ತೆ ಕೇಳಲಿಲ್ಲ. ಆದರೆ ಆ ಪುಸ್ತಕದ ಮೊದಲ ಹಾಳೆಗಳಲ್ಲಿ ಆಕೆಯ ಎದೆಯ ಭಾರವೇನೂ ಕಾಣದು. ಹಿತ್ತಲ ಬಿಲ್ವದ ಗಿಡ ಚಿಗುರಿದ್ದು, ಮಳೆ ತಡವಾದದ್ದು, ಮೊಮ್ಮಗಳಿಗೆ ಲಿಂಗದೀಕ್ಷೆಯಾದದ್ದು, ಇಂಥ ಸುದ್ದಿಗಳೇ. ಮನೆಯ ಯಜಮಾನರು ಪರವೂರಿಗೆ ಹೋಗಿದ್ದರೆ ಬರೆಯಬಹುದಾಗಿದ್ದ ಕಾಗದಗಳಂತೆಯೇ ಅವು ಇವೆ. ಶೋಕವು ನೇರವಾಗಿ ಬಾಗಿಲು ತೆರೆಯುವುದಿಲ್ಲ. ಮೊದಲು ಅಂಗಳದ ಮಾತಾಡುತ್ತದೆ.

ಆಸ್ಪತ್ರೆಯ ಕೊನೆಯ ರಾತ್ರಿ ಅವರು ನೀರು ಕೇಳಿದ್ದರು. ವೈದ್ಯರು ಕೊಡಬಾರದೆಂದಿದ್ದರು, ಈಕೆ ಕೊಡಲಿಲ್ಲ. ಪಿಂಡ ತರ್ಪಣಗಳಿಲ್ಲದ ಧರ್ಮದಲ್ಲಿ ಹುಟ್ಟಿ ಬೆಳೆದ ಜೀವಕ್ಕೆ ಆ ಒಂದು ಗುಟುಕು ನೀರಿನ ಋಣವನ್ನು ತೀರಿಸುವ ವಿಧಿ ಯಾವುದೂ ಇರಲಿಲ್ಲ. ಏಳು ತಿಂಗಳಾದ ಮೇಲೆ ಒಂದು ಸೋಮವಾರ, ಬೇರೆ ಯಾವ ಸುದ್ದಿಯನ್ನೂ ಸೇರಿಸದೆ, ಆಕೆ ಅದೊಂದನ್ನೇ ಬರೆದರು. ಮರುದಿನದ ಹಾಳೆಯಲ್ಲಿ ಮತ್ತೆ ಬಿಲ್ವದ ಗಿಡದ ಸುದ್ದಿಯಿದೆ.