ರೀಪ್ಯಾಕ್ ಇಳಿಜಾರಿನಲ್ಲಿ

ಕ್ಯಾಲಿಫೋರ್ನಿಯದ ಫೇರ್‌ಫ್ಯಾಕ್ಸ್ ಎಂಬ ಚಿಕ್ಕ ಊರಿನ ಬಳಿ ಒಂದು ಮಣ್ಣುದಾರಿಯಿದೆ. ಎರಡು ಮೈಲಿಯಲ್ಲಿ ಸುಮಾರು 1,300 ಅಡಿ ಇಳಿಯುವ ಅದರ ಹೆಸರು ‘ರೀಪ್ಯಾಕ್’. ‘ಮತ್ತೆ ತುಂಬು’ ಎಂದು ಅರ್ಥ. ದಾರಿಗೆ ಇದೆಂಥ ಹೆಸರು ಎಂದು ನಕ್ಕೆ. ಅಲ್ಲಿಯೇ ನೆಲೆಸಿರುವ ತಮ್ಮ ಅದರ ಕಥೆಯನ್ನು ಹೇಳಿದ.

1976ರ ಅಕ್ಟೋಬರ್ 21ರಂದು ಇಲ್ಲಿ ಮೊದಲ ಪಂದ್ಯ ನಡೆಯಿತು. ಸವಾರರು ಏರಿ ಬಂದದ್ದು ಹಳೆಯ ದಪ್ಪಟೈರಿನ ಸೈಕಲ್ಲುಗಳನ್ನು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂಚಕ್ರದ ಹಬ್ಬಿನೊಳಗೆ ಹಿಡಿಯುವ ಬ್ರೇಕೊಂದೇ ಅವರಿಗೆ ಆಧಾರ. ಬುಡ ಮುಟ್ಟುವಷ್ಟರಲ್ಲಿ ಹಬ್ ಕಾದು ಗ್ರೀಸು ಹೊಗೆಯಾಗುತ್ತಿತ್ತು. ಬಿಚ್ಚಿ, ಹೊಸ ಗ್ರೀಸು ತುಂಬಿದ ಹೊರತು ಮತ್ತೆ ಇಳಿಯುವಂತಿರಲಿಲ್ಲ. ಆ ಕಷ್ಟದಿಂದಲೇ ಅವರು ಡ್ರಮ್ ಬ್ರೇಕು, ಗೇರು, ಗಟ್ಟಿ ಚೌಕಟ್ಟುಗಳನ್ನು ಹುಡುಕಿ ಹೊರಟರು.

ತಮ್ಮನ ಸೈಕಲ್ಲಿಗಾದರೋ ಎಣ್ಣೆಯ ಒತ್ತಡದಿಂದ ಹಿಡಿಯುವ ಡಿಸ್ಕ್ ಬ್ರೇಕು. ಇನ್ನೂ ಹಗುರವಾದ ಚಕ್ರ, ಹನ್ನೆರಡು ಹಲ್ಲುಗಾಲಿಯ ಗೇರು ಕೊಳ್ಳುವ ಯೋಚನೆ ಅವನದು. ಮೇಲಿನ ತಿರುವಿನಲ್ಲಿ ನಿಂತು ಬ್ರೇಕಿನ ಪ್ಯಾಡನ್ನು ಬಾಗಿ ನೋಡಿದೆ, ಕಾಗದದಷ್ಟು ಸವೆದಿತ್ತು. ಕೆಳಗೆ ಕಣಿವೆ. ಅವನು ಮಾತಾಡಲಿಲ್ಲ.

ಆ ಸಂಜೆ ನಾವು ಸೈಕಲ್ಲನ್ನು ತಳ್ಳಿಕೊಂಡೇ ಇಳಿದೆವು. ಮರುದಿನ ಅವನು ಕೊಂಡು ತಂದದ್ದು ಎರಡು ಜೊತೆ ಪ್ಯಾಡು.