ಚೋಮನಿಗಾಗಿ ಅತ್ತವರು

ಚೋಮ ಸತ್ತಾಗ ಅಳದವರುಂಟೇ? 1933ರಲ್ಲಿ ಶಿವರಾಮ ಕಾರಂತರು ಬರೆದ 'ಚೋಮನ ದುಡಿ' 1975ರಲ್ಲಿ ಸಿನಿಮಾ ಆಯಿತು, ಸ್ವರ್ಣಕಮಲವೂ ಬಂತು. ದುಡಿ ಬಡಿಯುತ್ತಲೇ ಸಾಯುವ ವಾಸುದೇವರಾವ್ ಅವರನ್ನು ನೋಡಿ ನಾವೂ ಅತ್ತಿದ್ದೇವೆ. ಆದರೆ ನಮ್ಮ ಎದೆಯೊಳಗೆ ಕೂತುಬಿಟ್ಟವನು ಅವನ ಮಗ ನೀಲ. ಹೊಳೆಯಲ್ಲಿ ಮುಳುಗುತ್ತಿದ್ದ ಹುಡುಗ. ಮುಟ್ಟಬಾರದವನು ಅಂತ ಯಾರೂ ಎತ್ತಲಿಲ್ಲ. ಇದನ್ನ ಬರೀ ಕತೆ ಅಂದ್ರೆ ನಮ್ಮ ಕೇರೀಲಿ ಒಪ್ಪಲ್ಲ.

ಟೀವೀಲಿ ನೋಡಿದ ಅವ್ವ ಅಳಲಿಲ್ಲ, ಬೈದಳು: "ಸತ್ತ ಮ್ಯಾಲೆ ಅಳ್ತಾರಲ್ಲಾ, ಬದುಕಿದ್ದಾಗ ಒಂದು ತುಂಡು ಗದ್ದೆ ಕೊಡೋಕೇನಾಗಿತ್ತು ಇವ್ರಿಗೆ?" ಒಡೆಯ ಸಂಕಪ್ಪಯ್ಯನಿಗೇನೋ ಮನಸ್ಸಿತ್ತು, ತಾಯಿ ಬಿಡಲಿಲ್ಲ. ಬೇಸಾಯಗಾರನಾಗುವ ಆಸೆ ಚೋಮನ ಜೊತೆಗೇ ಸಾಯಲಿಲ್ಲ ಸ್ವಾಮಿ. ನಮ್ಮಪ್ಪನ ಬಗರ್‌ಹುಕುಂ ಅರ್ಜಿ ಇನ್ನೂ ಕಚೇರಿಯಲ್ಲೇ ಕೂತಿದೆ.